ಹಾರಿಯ ಲೆಕ್ಕ, ಟೊಂಕದ ಲೆಕ್ಕ

ತಮ್ಮಾ, ಮೊನ್ನೆ ಅಂಗಳದ ಫರಸಿಯ ಮೇಲೆ ಕೂತು ಚಹಾ ಕುಡಿದು ಏಳುವಾಗ ನಿನ್ನ ಕೈ ತಾನಾಗಿ ಟೊಂಕದ ಮೇಲೆ ಹೋಯಿತು. ನಿನಗದು ತಿಳಿಯಲೇ ಇಲ್ಲ. ನನಗೆ ತಿಳಿಯಿತು, ಯಾಕೆಂದರೆ ನಮ್ಮಪ್ಪನ ಕೈಯೂ ಹೀಗೇ ಹೋಗುತ್ತಿತ್ತು. ಮೊದಮೊದಲು ಏಳುವಾಗ, ಆಮೇಲೆ ಕೂರುವಾಗ, ಕಡೆಗೆ ಹಾಸಿಗೆಯಲ್ಲಿ ಮಗ್ಗಲು ಬದಲಿಸುವಾಗಲೂ. 'ಏನಾಗ್ಯದ?' ಎಂದು ಕೇಳಿದರೆ ನೀನು ಹೇಳಿದ ಮಾತನ್ನೇ ಹೇಳುತ್ತಿದ್ದ: 'ಏನಿಲ್ಲಪಾ, ಸುಮ್ನ ಹಿಡದದ.'

ಸಿಮೆಂಟ್ ಗೋದಾಮಿನಲ್ಲಿ ಲಾರಿ ಖಾಲಿ ಮಾಡುವ ಕೆಲಸಕ್ಕೆ ನೀನು ಸೇರಿ ಎರಡು ತಿಂಗಳಾಯಿತು. ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ. ವಾಡಿ, ಸೇಡಂ, ಮಳಖೇಡ ಎತ್ತ ನೋಡಿದರೂ ಸಿಮೆಂಟಿನ ಚಿಮಣಿ. ಶಹಾಬಾದ, ಚಿತ್ತಾಪುರದ ಕಡೆ ಹೊಲದ ಮಗ್ಗುಲಿಗೇ ಫರಸಿ ಖಣಿ. ಸುಗ್ಗಿ ಬಂತೆಂದರೆ ಅಡತಿ ಅಂಗಡಿಗಳ ಮುಂದೆ ತೊಗರಿ ಚೀಲದ ಒಟ್ಟಿಲು. ಈ ಸೀಮೆಯಲ್ಲಿ ಹುಟ್ಟಿದವನ ಬೆನ್ನಿಗೆ ಭಾರ ತಪ್ಪಿದ್ದಲ್ಲ. ಆದರೆ ಆ ಭಾರ ನಿನ್ನ ಮೈಯೊಳಗೆ ಹೋಗಿ ಎಷ್ಟಾಗುತ್ತದೆ ಎಂಬ ಲೆಕ್ಕ ನಿನಗೆ ಗೊತ್ತಿರಬೇಕು. ಚೀಲದ ಮೇಲೆ 50 ಕೆ.ಜಿ. ಎಂದು ಅಚ್ಚಾಗಿರುತ್ತದೆ. ನಿನ್ನ ಟೊಂಕ ಓದುವ ಅಂಕಿ ಬೇರೆ.

ಈ ಲೆಕ್ಕವನ್ನು ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಸನ್ನೆಕೋಲು, ಆಧಾರ ಬಿಂದು, ಮೊದಲನೇ ವರ್ಗ, ಎರಡನೇ ವರ್ಗ, ಮೂರನೇ ವರ್ಗ. ಹಲಗೆಯ ಮೇಲೆ ಕತ್ತರಿ, ಅಡಕೊತ್ತು, ಇಕ್ಕಳ ಬರೆದು ತೋರಿಸಿದೆ. ನನ್ನ ಮುಂದೆ ಕೂತ ಹುಡುಗರಲ್ಲಿ ಅರ್ಧ ಜನ ಖಣಿಯವರ ಮಕ್ಕಳು, ಹಮಾಲರ ಮಕ್ಕಳು. ನಿಮ್ಮಪ್ಪನ ಬೆನ್ನೂ ಒಂದು ಸನ್ನೆಕೋಲು, ಮನೆಗೆ ಹೋಗಿ ಅವನಿಗೆ ಇದನ್ನು ಹೇಳಿ ಎಂದು ಒಂದು ದಿನವೂ ಹೇಳಲಿಲ್ಲ. ನಮ್ಮಪ್ಪನಿಗೂ ಹೇಳಲಿಲ್ಲ. ಅವನು ಖಣಿಯಿಂದ ಬಂದು ಗೋಡೆ ಹಿಡಿದು ನಿಂತಾಗ ನಾನು ಒಳಗೆ ಕೂತು ಮರುದಿನದ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಆ ನೋವು ನನಗೆ ಇವತ್ತಿಗೂ ಇದೆ. ಅದಕ್ಕೇ ನಿನ್ನನ್ನು ಕರೆಸಿ ಕೂರಿಸಿಕೊಂಡಿದ್ದೇನೆ.

ಮೊದಲು ಹಾರಿಯ ಕತೆ ಕೇಳು. ನಮ್ಮ ಸೀಮೆಯ ಕಲ್ಲು ಪುಸ್ತಕದ ಹಾಳೆಯಂತೆ ಪದರ ಪದರ. ಯಾವುದೋ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣದ ಕೆಸರು ಒಂದರ ಮೇಲೊಂದು ಹಾಸಿ ಗಟ್ಟಿಯಾದದ್ದೇ ಈ ಶಹಾಬಾದಿ ಫರಸಿ. ಪದರದ ಸಂದಿಗೆ ಹಾರಿಯ ಮೊನೆ ಕೊಟ್ಟು, ಅದರ ಕೆಳಗೆ ಮೊನೆಯ ಹತ್ತಿರಕ್ಕೆ ಒಂದು ಚಿಕ್ಕ ಕಲ್ಲು ಇಟ್ಟು, ಆಚೆ ತುದಿಯನ್ನು ಅದುಮಿದರೆ ಎಂಥ ಹಾಸುಗಲ್ಲಾದರೂ ಏಳುತ್ತದೆ. ಅಪ್ಪ ಹೇಳುತ್ತಿದ್ದ, 'ಹಾರಿ ಉದ್ದಿದ್ದಷ್ಟು ಕಲ್ಲು ಹಗುರ ಆಗ್ತದ.' ಮೊನೆಯಿಂದ ಚಿಕ್ಕ ಕಲ್ಲಿಗೆ 10 ಸೆಂಟಿಮೀಟರ್, ಅಲ್ಲಿಂದ ಕೈಗೆ 150 ಸೆಂಟಿಮೀಟರ್ ಎಂದಿಟ್ಟುಕೋ. 15 ಪಟ್ಟು ಲಾಭ. ನೀನು 40 ಕೆ.ಜಿ. ಭಾರ ಹಾಕಿದರೆ ಆ ಕಡೆ 600 ಕೆ.ಜಿ. ಭಾರ ಮಿಸುಕುತ್ತದೆ. ಆದರೆ ಪುಕ್ಕಟೆ ಅಲ್ಲ. ಕಲ್ಲು ಒಂದು ಬೆರಳಿನಷ್ಟು ಏಳಬೇಕಾದರೆ ನಿನ್ನ ಕೈ ಹದಿನೈದು ಬೆರಳಿನಷ್ಟು ಇಳಿಯಬೇಕು.

ಈಗ ಆ ಹಾರಿಯನ್ನು ತಿರುವಿ ಹಿಡಿ. ಚಿಕ್ಕ ಕಲ್ಲು ಅಲ್ಲೇ ಇರಲಿ, ಭಾರವನ್ನು ಉದ್ದನೆಯ ತುದಿಗೆ ಕಟ್ಟು, ನೀನು ಗಿಡ್ಡ ತುದಿಯನ್ನು ಹಿಡಿದು ಅದುಮು. 40 ಕೆ.ಜಿ. ಏಳಿಸಲು 600 ಕೆ.ಜಿ. ಬಲ ಬೇಕು. ಯಾರೂ ಖಣಿಯಲ್ಲಿ ಹಾಗೆ ಹಾರಿ ಹಿಡಿಯುವುದಿಲ್ಲ. ಆದರೆ ನಿನ್ನ ಮೈಯೊಳಗಿನ ಹಾರಿಗಳೆಲ್ಲ ಹೆಚ್ಚುಕಡಿಮೆ ಹಾಗೇ ಇವೆ.

ನಂಬಿಕೆ ಬಾರದಿದ್ದರೆ ನೀರು ತುಂಬಿದ ತಂಬಿಗೆ ಹಿಡಿದು, ಮೊಣಕೈ ಮಡಚಿ ಮುಂಗೈಯನ್ನು ನೆಲಕ್ಕೆ ಸಮನಾಗಿ ಚಾಚು. ಮೊಣಕೈ ಆಧಾರ ಬಿಂದು. ಅಲ್ಲಿಂದ ತಂಬಿಗೆಗೆ ಸುಮಾರು 35 ಸೆಂಟಿಮೀಟರ್. ತೋಳಿನ ಸ್ನಾಯು ಮುಂಗೈಯ ಎಲುಬಿಗೆ ಅಂಟಿರುವುದು ಮೊಣಕೈಯಿಂದ ಬರೀ 4–5 ಸೆಂಟಿಮೀಟರ್ ಈಚೆಗೆ. ತಂಬಿಗೆಯಲ್ಲಿ ಒಂದು ಲೀಟರ್ ನೀರು ಇದ್ದರೆ ಅದಕ್ಕಾಗಿಯೇ ಸ್ನಾಯು ಏಳೆಂಟು ಕೆ.ಜಿ. ಎಳೆಯಬೇಕು. ಇಟಲಿಯ ಬೊರೆಲ್ಲಿ ಎಂಬಾತ ಕೂತು ಇದನ್ನೆಲ್ಲ ಲೆಕ್ಕ ಹಾಕಿದ. ಪ್ರಾಣಿಗಳ ಚಲನೆಯ ಮೇಲೆ ಅವನು ಬರೆದ ಗ್ರಂಥ ಅವನು ಸತ್ತ ಮೇಲೆ, 1680ರಲ್ಲಿ, ರೋಮಿನಲ್ಲಿ ಅಚ್ಚಾಗತೊಡಗಿತು. ಹೊತ್ತ ಭಾರಕ್ಕಿಂತ ಸ್ನಾಯು ಪಡುವ ಪಾಡು ಎಷ್ಟೋ ಪಟ್ಟು ದೊಡ್ಡದು ಎಂದು ಸನ್ನೆಕೋಲಿನ ಗಣಿತದಿಂದ ತೋರಿಸಿಕೊಟ್ಟವನು ಅವನು.

ಮೈಯನ್ನು ಯಾಕೆ ಹೀಗೆ ಕಟ್ಟಿದೆ ಎಂದು ಕೇಳಬೇಕು ನೀನು. ನಿಮ್ಮವ್ವ ಜೋಳದ ರೊಟ್ಟಿ ಬಡಿಯುವುದನ್ನು ನೋಡು. ಸ್ನಾಯು ಒಳಗೆ ಚೂರೇ ಕುಗ್ಗುತ್ತದೆ, ಅಂಗೈ ಗೇಣುಗಟ್ಟಲೆ ಹಾರುತ್ತದೆ, ಅದೂ ಎಷ್ಟು ಬೇಗ! ಕವಣೆ ಬೀಸುವ ಕೈ, ಕಬಡ್ಡಿಯಲ್ಲಿ ಓಡುವ ಕಾಲು, ತೊಗರಿ ಕೊಯ್ಯುವ ಕುಡುಗೋಲು, ಎಲ್ಲಕ್ಕೂ ವೇಗ ಬಂದದ್ದು ಹೀಗೇ. ಹಾರಿ ದೂರವನ್ನು ಕೊಟ್ಟು ಬಲ ಕೊಳ್ಳುತ್ತದೆ. ಮೈ ಬಲವನ್ನು ಕೊಟ್ಟು ದೂರ ಕೊಳ್ಳುತ್ತದೆ. ಬೇಟೆ, ಓಟ, ಕೈಗೆಲಸಕ್ಕೆ ಒಗ್ಗಿದ ಮೈ ಇದು. ಬಾಗಿ ಚೀಲ ಎತ್ತುವ ಕೆಲಸಕ್ಕೆ ಇಟ್ಟರೆ ಅದರ ಕಟ್ಟೋಣವೇ ಅದಕ್ಕೆ ಎದುರು ನಿಲ್ಲುತ್ತದೆ.

ಈಗ ಟೊಂಕಕ್ಕೆ ಬಾ. ಬೇಕಾದ ಗಣಿತ ಗುಣಾಕಾರ, ಭಾಗಾಕಾರ, ಅಷ್ಟೆ. ಇಲ್ಲೇ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿದ್ದಾಗ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರ ತ್ರೈರಾಶಿ ಬಂದವನಿಗೆ ಈ ಲೆಕ್ಕ ನೀರು ಕುಡಿದಂತೆ. ನೀನು ಬಾಗಿ, ನೆಲದ ಮೇಲಿನ ಚೀಲವನ್ನು ಎರಡೂ ಕೈಯಿಂದ ಎತ್ತುತ್ತೀ. ಆಧಾರ ಬಿಂದು ಬೆನ್ನೆಲುಬಿನ ಕೆಳಗಿನ ಮಣಿ. ಅಲ್ಲಿಂದ ಚೀಲದ ನಡುವಿಗೆ 40 ಸೆಂಟಿಮೀಟರ್. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನ ಸ್ನಾಯು ಮಣಿಯಿಂದ ಬರೀ 5 ಸೆಂಟಿಮೀಟರ್ ಹಿಂದೆ. 50 ಗುಣಿಸು 40, ಭಾಗಿಸು 5. ಬಂತು 400 ಕೆ.ಜಿ. ಇದು ಚೀಲದ ಪಾಲು. ನಿನ್ನ ತಲೆ, ತೋಳು, ಎದೆ ಸೇರಿ 40 ಕೆ.ಜಿ. ಆದರೂ ಇದೆ, ಬಾಗಿದಾಗ ಅದೂ 25 ಸೆಂಟಿಮೀಟರ್ ಮುಂದಕ್ಕೆ ತೂಗುತ್ತದೆ. ಅದರ ಪಾಲು 200. ಒಟ್ಟು 600 ಕೆ.ಜಿ. ಎಳೆತ. ಆ ಎಳೆತವೆಲ್ಲ ಕೂತುಕೊಳ್ಳುವುದು ಎರಡು ಮಣಿಗಳ ನಡುವೆ ಇರುವ, ಅಂಗೈಗಿಂತ ಚಿಕ್ಕದಾದ ಒಂದು ಮೆತ್ತನೆ ಗಾದಿಯ ಮೇಲೆ. ಡಾಕ್ಟರು ಡಿಸ್ಕ್ ಅನ್ನುವುದು ಅದನ್ನೇ.

ಇದು ಬರೀ ಕಾಗದದ ಲೆಕ್ಕ ಅಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಎಂಬ ಡಾಕ್ಟರು ಬದುಕಿರುವ ಮನುಷ್ಯರ ಡಿಸ್ಕಿಗೇ ಸೂಜಿ ಇಳಿಸಿ ಒಳಗಿನ ಒತ್ತಡ ಅಳೆದರು. ಮಲಗಿದಾಗ ಎಲ್ಲಕ್ಕಿಂತ ಕಡಿಮೆ. ನಿಂತಾಗ ಹೆಚ್ಚು. ಗೂನು ಹಾಕಿ ಕೂತರೆ ನಿಂತದ್ದಕ್ಕಿಂತಲೂ ಹೆಚ್ಚು. ಬಾಗಿ ಭಾರ ಎತ್ತಿದರೆ ಅದರ ಎಷ್ಟೋ ಪಟ್ಟು. ಅಮೆರಿಕದಲ್ಲಿ ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ನಯಾಶ್ ಎಂಬ ಸರಕಾರಿ ಸಂಸ್ಥೆ 1981ರಲ್ಲಿ ಒಂದು ಗೆರೆ ಎಳೆಯಿತು: ಡಿಸ್ಕಿನ ಮೇಲೆ 3400 ನ್ಯೂಟನ್, ಅಂದರೆ ಸುಮಾರು 350 ಕೆ.ಜಿ. ಒತ್ತು ದಾಟಿದರೆ ಅಪಾಯ ಶುರು. ನೀನು ಲಾರಿಗೊಮ್ಮೆ ಎಷ್ಟು ಸಲ ಆ ಗೆರೆ ದಾಟುತ್ತೀ ಎಂದು ಎಣಿಸಿದ್ದೀಯಾ?

ಚೀಲವನ್ನು ಮೈಗೆ ಹತ್ತಿರ ತಂದುಕೋ. ಬೇರೆ ಯಾವುದು ಮರೆತರೂ ಇದನ್ನು ಮರೆಯಬೇಡ. ಮೊಳಕಾಲು ಮಡಚಿ, ಚೀಲವನ್ನು ಎರಡು ಕಾಲಿನ ನಡುವೆ ತಂದು, ಎದೆಗೆ ಅವಚಿಕೊಂಡು ಎದ್ದರೆ 40 ಸೆಂಟಿಮೀಟರ್ ಇದ್ದದ್ದು 20ಕ್ಕೆ ಇಳಿಯುತ್ತದೆ. ಚೀಲದ ಪಾಲು 400ರಿಂದ 200 ಆಗುತ್ತದೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೀನು ನೋಡಿದ್ದೀ, ಸೀಟಿ ಹೊಡೆದಿದ್ದೀ. ಅವರ ತೋಳನ್ನು ನೋಡಬೇಡ, ಕಲ್ಲು ಹೋಗುವ ದಾರಿ ನೋಡು. ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ತೊಡೆಯ ಮೇಲೆ ಉರುಳಿಸಿಕೊಳ್ಳುತ್ತಾರೆ, ಅಲ್ಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ. ಒಂದು ಕ್ಷಣವೂ ಕಲ್ಲಿಗೂ ಮೈಗೂ ನಡುವೆ ಗಾಳಿ ಆಡುವುದಿಲ್ಲ. ಅವರಿಗೆ ಯಾವ ಮಾಸ್ತರನೂ ಸನ್ನೆಕೋಲಿನ ಪಾಠ ಹೇಳಿರಲಿಲ್ಲ. ತಾಲೀಮಿನಲ್ಲಿ ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆ ಅದು.

ಆದರೆ ನಿನಗೆ ಪೂರಾ ಸತ್ಯ ಹೇಳಬೇಕು. ಅಷ್ಟು ಚಂದಾಗಿ ಎತ್ತಿದರೂ ಚೀಲದ್ದು 200, ನೆಟ್ಟಗಿದ್ದರೂ ಅಷ್ಟಿಷ್ಟು ಮುಂದೆ ವಾಲುವ ಮೈಯದು ನೂರರ ಮೇಲೆ, ಮಣಿಯ ಮೇಲೆ ನೇರ ಕೂರುವ ಚೀಲ ಮತ್ತು ಮೈಯ ತೂಕ ಬೇರೆ. ಕೂಡಿಸಿದರೆ 350ರ ಗೆರೆ ಆಗಲೂ ದಾಟುತ್ತದೆ. ಆದ್ದರಿಂದ, 'ಎತ್ತೋ ರೀತಿ ಗೊತ್ತಿದ್ರ ಎಷ್ಟಾದ್ರೂ ಎತ್ತಬಹುದು' ಎನ್ನುವವರ ಮಾತು ನಂಬಬೇಡ. ಅದೇ ಅಮೆರಿಕದ ಸಂಸ್ಥೆ 1991ರಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬನೇ ಎತ್ತಲು 23 ಕೆ.ಜಿ. ಸಾಕು ಎಂದಿತು. ಜಪಾನಿನಲ್ಲಿ, ಬ್ರಿಟನ್ನಿನಲ್ಲಿ ಸಿಮೆಂಟ್ ಚೀಲ 25 ಕೆ.ಜಿ.ಯದು. ನಮ್ಮದು 50. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಬಾರದು ಎಂದು ಶಿಫಾರಸು ಮಾಡಿತು. ಆ ಅಳತೆಯೊಳಗೆ ನಮ್ಮ ಚೀಲ ಹೊಂದುತ್ತದೆ. ಆದರೆ ಕಾಗದಕ್ಕೆ ಹೊಂದಿದ್ದು ಬೆನ್ನಿಗೆ ಹೊಂದಬೇಕೆಂದಿಲ್ಲ. ಚೀಲ ಚಿಕ್ಕದಾಗುವ ತನಕ ಅದನ್ನು ನೆಲದಿಂದ ಎತ್ತುವಾಗ ಇಬ್ಬರಿರಿ. ಜೊತೆಗಾರನನ್ನು ಕರೆಯಲು ನಾಚಬೇಡ. ಕರೆದರೆ ನಗುವವರಿದ್ದರೆ ನಗಲಿ.

ಹಳೆಯ ಹಮಾಲರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದಾರೆ. ಅವರು ಆದಷ್ಟು ಮಟ್ಟಿಗೆ ಚೀಲವನ್ನು ನೆಲಕ್ಕೆ ಹಾಕುವುದಿಲ್ಲ. ಲಾರಿಯ ಮೇಲೆ ಇಬ್ಬರು ನಿಂತು ಹಿಡಿದು, ಕೆಳಗೆ ನಿಂತವನ ಬೆನ್ನ ಮೇಲೆ ಮೆಲ್ಲಗೆ ಇಡುತ್ತಾರೆ. ಅವನು ತುಸು ಮುಂದೆ ಬಾಗಿ ಚೀಲದ ತೂಕವನ್ನು ತನ್ನ ಪಾದಗಳ ನೇರಕ್ಕೆ ತಂದುಕೊಳ್ಳುತ್ತಾನೆ. ಗೌಂಡಿಯ ತೂಗುಗುಂಡನ್ನು ನೆನಪಿಸಿಕೋ. ಚೀಲ, ಮೈ ಎರಡೂ ಸೇರಿದ ತೂಕದ ನಡುಬಿಂದುವಿನಿಂದ ಅದನ್ನು ಇಳಿಬಿಟ್ಟರೆ ಅದು ಎರಡು ಪಾದಗಳ ನಡುವಿನ ಜಾಗದೊಳಗೆ ಬೀಳಬೇಕು. ಬಿದ್ದರೆ ನಿಂತಿರುತ್ತೀ, ಹೊರಗೆ ಹೋದರೆ ನೀನೂ ಹೋಗುತ್ತೀ. ಕುಸ್ತಿಯವರು ಕಾಲು ಅಗಲಿಸಿ ಕುಗ್ಗಿ ನಿಲ್ಲುವುದೂ ಇದಕ್ಕೇ. ಇವತ್ತು ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಕಾಲ್ಬೆರಳು ಮುಟ್ಟಲು ನೋಡು, ಮುಗ್ಗರಿಸುತ್ತೀ. ಸೊಂಟ ಹಿಂದೆ ಸರಿಯಲು ಗೋಡೆ ಜಾಗ ಕೊಡುವುದಿಲ್ಲ, ತೂಗುಗುಂಡು ಬೆರಳು ದಾಟಿ ಮುಂದೆ ಹೋಗಿಬಿಡುತ್ತದೆ.

ಚೀಲ ಹಿಡಿದುಕೊಂಡು ಕಾಲು ಊರಿದಲ್ಲೇ ಸೊಂಟ ತಿರುವಬೇಡ. ಈ ಮಾತನ್ನು ನಾನು ಎರಡು ಸಲ ಹೇಳುತ್ತೇನೆ, ಯಾಕೆಂದರೆ ಅಪ್ಪನ ಬೆನ್ನು ಹೋದದ್ದು ಹಾಗೇ. ಡಿಸ್ಕಿನ ಹೊರಸುತ್ತು ಗೋಣಿಯ ನೇಯ್ಗೆಯಂತೆ. ಒಂದು ಪದರದ ಎಳೆ ಈ ಕಡೆ ಓರೆ, ಮುಂದಿನ ಪದರದ್ದು ಆ ಕಡೆ ಓರೆ. ನೆಟ್ಟಗಿದ್ದಾಗ ಎಲ್ಲ ಎಳೆಗಳೂ ಸೇರಿ ಭಾರ ಹೊರುತ್ತವೆ. ತಿರುವಿದಾಗ ಅರ್ಧ ಎಳೆ ಬಿಗಿಯುತ್ತವೆ, ಅರ್ಧ ಸಡಿಲಾಗುತ್ತವೆ. ಅರ್ಧ ಜನ ಕೈಬಿಟ್ಟ ಪಲ್ಲಕ್ಕಿಯ ಗತಿ. ಅಪ್ಪ ಒಂದು ಹಾಸು ಫರಸಿ ಎತ್ತಿ, ಕಾಲು ಕದಲಿಸದೆ ಪಕ್ಕದ ಒಟ್ಟಿಲಿಗೆ ಇಡಲು ಹೋದ. 'ಒಳಗ ಏನೋ ಪಟಕ್ ಅಂತು' ಎಂದ. ಮರುದಿನದಿಂದ ಎಡಗಾಲಿನ ತನಕ ಜೋಮು ಹಿಡಿಯಿತು. ಕೆಲಸ ಕೊಟ್ಟವರು ಒಂದು ವಾರದ ಪಗಾರ ಕೊಟ್ಟು, ಬೇರೆಯವನನ್ನು ನೋಡಿಕೊಂಡರು. ಆಗ ಅವನಿಗೆ ನಲವತ್ತೆರಡು. ಚೀಲ ಹಿಡಿದು ತಿರುಗಬೇಕಾದರೆ ಪಾದ ಎತ್ತಿಟ್ಟು ತಿರುಗು. ಸೊಂಟ ತಿರುವಬೇಡ.

ಬೆಳಗಿನ ಜಾವ ಲಾರಿ ಬಂತೆಂದು ಹಾಸಿಗೆಯಿಂದ ಎದ್ದು ನೇರ ಹೋಗಿ ಬಾಗಬೇಡ. ರಾತ್ರಿ ಮಲಗಿದಾಗ ಈ ಗಾದಿಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಮನುಷ್ಯ ಸಂಜೆಗಿಂತ ಒಂದು ಸೆಂಟಿಮೀಟರಿಗಿಂತ ಹೆಚ್ಚು ಎತ್ತರ ಇರುತ್ತಾನೆ. ಉಬ್ಬಿದ ಗಾದಿ ಬಾಗಿದಾಗ ಹೆಚ್ಚು ಬಿಗಿಯುತ್ತದೆ. ಅರ್ಧ ಗಂಟೆ, ಒಂದು ಗಂಟೆ ಓಡಾಡಿಕೊಂಡು ಆಮೇಲೆ ಕೈ ಹಚ್ಚು.

ಮುಕಾದಮ ನಿಮ್ಮನ್ನು ಹುರಿದುಂಬಿಸಲು ಇರುವೆಯ ಉದಾಹರಣೆ ಕೊಡುತ್ತಾನೆ ಎಂದೆಯಲ್ಲ, ಇರುವೆ ತನ್ನ ತೂಕದ ಎಷ್ಟೋ ಪಟ್ಟು ಹೊರುತ್ತದೆ, ನಿಮಗೇನು ರೋಗ ಎಂದು. ಅದಕ್ಕೆ ಉತ್ತರ ಗೆಲಿಲಿಯೊ 1638ರಲ್ಲೇ ಬರೆದಿಟ್ಟಿದ್ದಾನೆ. ಮೈ ಎತ್ತರ, ಅಗಲ, ದಪ್ಪ ಮೂರರಲ್ಲೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಆದರೆ ಎಲುಬು, ಸ್ನಾಯುವಿನ ಬಲ ಅವುಗಳ ಅಡ್ಡಗಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ, ಅದು ನಾಲ್ಕೇ ಪಟ್ಟು. ಚಿಕ್ಕ ನಾಯಿ ತನ್ನಂಥ ಎರಡು ಮೂರು ನಾಯಿಗಳನ್ನು ಹೊತ್ತೀತು, ಕುದುರೆ ತನ್ನಂಥ ಒಂದು ಕುದುರೆಯನ್ನೂ ಹೊರಲಾರದು ಎಂದು ಅವನು ಬರೆದ. ಇರುವೆ ಹೊರುವುದು ಅದರ ಸಾಹಸದಿಂದಲ್ಲ, ಅದರ ಗಾತ್ರದಿಂದ. ಇರುವೆಯನ್ನು ಮನುಷ್ಯನಷ್ಟು ದೊಡ್ಡದು ಮಾಡಿದರೆ ತನ್ನ ಕಾಲ ಮೇಲೆ ತಾನೇ ನಿಲ್ಲಲಾರದು.

ಹಾಗಂತ ಭಾರವನ್ನೇ ಕಂಡು ಓಡಬೇಡ. ಎಲುಬು ಭಾರ ಬಿದ್ದ ಕಡೆ ಗಟ್ಟಿಯಾಗುತ್ತದೆ. ಕೂತೇ ಇದ್ದವನ ಎಲುಬು ಸವೆಯುತ್ತದೆ. ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲಿ ಬರೆದದ್ದು ಇದನ್ನೇ. ದುಡಿಮೆ, ನಿದ್ದೆ, ಹೊಟ್ಟೆತುಂಬ ರೊಟ್ಟಿ–ಬ್ಯಾಳಿ ಸರಿಯಾಗಿ ಸಿಕ್ಕರೆ ಮೈ ಕಟ್ಟಿಕೊಳ್ಳುತ್ತದೆ.

ಚಿಂಚೋಳಿಯ ಕಡೆ ನೌಕರಿ ಮಾಡುವಾಗ ತಾಂಡಾದ ಹೆಣ್ಣುಮಕ್ಕಳು ತಲೆಯ ಮೇಲೆ ಎರಡು ಕೊಡ ಇಟ್ಟುಕೊಂಡು ಗುಡ್ಡ ಏರುವುದನ್ನು ದಿನಾ ನೋಡುತ್ತಿದ್ದೆ. ತಲೆ, ಕುತ್ತಿಗೆ, ಬೆನ್ನು, ಪಾದ ಎಲ್ಲ ಒಂದೇ ದಾರದಲ್ಲಿ. ಕೊಡ ಅಲುಗದು, ಸೊಂಟ ಮಾತ್ರ ತೂಗುತ್ತದೆ. ಕೀನ್ಯಾ ದೇಶದ ಲುವೊ ಮತ್ತು ಕಿಕುಯು ಹೆಂಗಸರ ಉಸಿರನ್ನು ಅಳೆದು 1986ರಲ್ಲಿ ವಿಜ್ಞಾನಿಗಳು ಒಂದು ಆಶ್ಚರ್ಯ ಪ್ರಕಟಿಸಿದರು. ತಮ್ಮ ತೂಕದ ಐದನೇ ಒಂದು ಪಾಲಿನ ತನಕ ಭಾರ ಹೊತ್ತರೂ ಅವರ ನಡಿಗೆಗೆ ಹೆಚ್ಚಿನ ಶಕ್ತಿ ಖರ್ಚಾಗುವುದಿಲ್ಲ. ಕಾರಣ ಆಮೇಲೆ ತಿಳಿಯಿತು. ನಡೆಯುವಾಗ ಮೈ ಊರಿದ ಕಾಲಿನ ಮೇಲೆ ತಲೆಕೆಳಗಾದ ಲೋಲಕದಂತೆ ಏರಿ ಇಳಿಯುತ್ತದೆ. ಇಳಿಯುವಾಗ ಗಳಿಸಿದ ವೇಗದಲ್ಲಿ ಸ್ವಲ್ಪ ಪೋಲಾಗುತ್ತದೆ, ಸ್ವಲ್ಪ ಮುಂದಿನ ಹೆಜ್ಜೆಗೆ ಏರಲು ಒದಗುತ್ತದೆ. ಭಾರ ಹೊತ್ತ ಆ ಹೆಂಗಸರು ಪೋಲು ಮಾಡುವುದು ನಮಗಿಂತ ಕಡಿಮೆ. ಎಳವೆಯಿಂದ ಹೊತ್ತು ಹೊತ್ತು ಬಂದ ನಡಿಗೆ ಅದು. ಆದರೆ 60 ಕೆ.ಜಿ. ತೂಗುವವಳಿಗೆ ಐದನೇ ಒಂದು ಪಾಲು ಎಂದರೆ 12 ಕೆ.ಜಿ., ಒಂದು ಸಣ್ಣ ಕೊಡ. ಎರಡನೆಯ ಕೊಡದ ಬೆಲೆಯನ್ನು ಕುತ್ತಿಗೆ ಕೊಡುತ್ತದೆ. ಅವರ ನಡಿಗೆ ಚಂದ ಎಂದು ಬರೆಯುವವರು ಮನೆ ಬಾಗಿಲಿಗೆ ನಲ್ಲಿ ತರಿಸುವ ಮಾತನ್ನೂ ಬರೆಯಬೇಕು. ನಿನ್ನ ತಂಗಿಗೆ ಹೇಳು, ಕೊಡವನ್ನು ದಿನಾ ಒಂದೇ ಬಗಲಿಗೆ ಹಿಡಿಯಬಾರದು. ಬೆನ್ನು ಆ ಕಡೆಯ ಭಾರಕ್ಕೆ ಈ ಕಡೆ ಬಾಗಿ ಬಾಗಿ ಸೋಲುತ್ತದೆ. ತೊಳೆದ ಫರಸಿಯ ಮೇಲೆ ಕೊಡ ಹೊತ್ತು ನಡೆಯುವಾಗ ದಾಪುಗಾಲು ಬೇಡ. ಹೆಜ್ಜೆ ಚಿಕ್ಕದಾದಷ್ಟು ಪಾದ ನೆಲವನ್ನು ನೇರ ಕೆಳಕ್ಕೆ ಒತ್ತುತ್ತದೆ. ದೊಡ್ಡದಾದರೆ ಓರೆಗೆ ತಳ್ಳುತ್ತದೆ, ಒದ್ದೆ ಕಲ್ಲಿಗೆ ಆ ತಳ್ಳು ತಡೆಯುವಷ್ಟು ಘರ್ಷಣೆ ಇರುವುದಿಲ್ಲ.

ನಮ್ಮ ದ್ಯಾವಣಿ ಎತ್ತಿನ ಜೋಡಿ ಇದ್ದಾಗ ಅಪ್ಪ ಬಂಡಿಗೆ ಚೀಲ ಹೇರಿಸಿದ ಮೇಲೆ ನೊಗದ ಕೆಳಗೆ ಕೈ ಹಾಕಿ ಎತ್ತಿ ನೋಡುತ್ತಿದ್ದ. ಚೀಲ ಅಚ್ಚಿನ ಮುಂದೆ ಹೆಚ್ಚಾದರೆ ನೊಗ ಎತ್ತಿನ ಕುತ್ತಿಗೆ ಅದುಮುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳು ಹಿಚುಕುತ್ತದೆ. ಕೈಗೆ ಹಗುರ ಅನ್ನಿಸುವ ತನಕ ಒಂದು ಚೀಲ ಹಿಂದೆ, ಒಂದು ಚೀಲ ಮುಂದೆ ಸರಿಸುತ್ತಿದ್ದ. ಎತ್ತಿನ ಕುತ್ತಿಗೆಗೆ ಅಷ್ಟು ಕಾಳಜಿ ಮಾಡಿದವನು ತನ್ನ ಟೊಂಕಕ್ಕೆ ಮಾಡಿಕೊಳ್ಳಲಿಲ್ಲ. ನಾವೂ ಯಾರೂ ಮಾಡಲಿಲ್ಲ.

ಈಗ ನಿಮ್ಮ ಆಯಿಯ ಸಂಗತಿ. ಅವಳ ಎಡ ತೊಡೆಯ ಸಂದು ನೋಯುತ್ತದೆ. ಕೋಲನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ. ಊರಲ್ಲಿ ಮುದುಕರೆಲ್ಲ ಹೀಗೇ, ನೋಯುವ ಕಡೆಗೇ ಕೋಲು. ಲೆಕ್ಕ ಮಾಡಿ ನೋಡಿದರೆ ಅದು ತಿರುವುಮುರುವು. ಅವಳು ಬಲಗಾಲು ಎತ್ತಿದ ಗಳಿಗೆಯಲ್ಲಿ ಉಳಿದ ಮೈ ಸುಮಾರು 50 ಕೆ.ಜಿ., ಎಡ ಸಂದಿನಿಂದ 10 ಸೆಂಟಿಮೀಟರ್ ಬಲಕ್ಕೆ ತೂಗುತ್ತದೆ. ಅದನ್ನು ಬೀಳದಂತೆ ಎಳೆದು ಹಿಡಿಯುವ ಸ್ನಾಯು ಸಂದಿನಿಂದ ಎಡಕ್ಕೆ 5 ಸೆಂಟಿಮೀಟರಿನಲ್ಲಿದೆ, ಅದು 100 ಕೆ.ಜಿ. ಎಳೆಯಬೇಕು. ಎರಡೂ ಸೇರಿ ಸಂದಿನ ಮೇಲೆ 150. ಈಗ ಕೋಲನ್ನು ಬಲಗೈಗೆ ಕೊಡು. ಸಂದಿನಿಂದ 40 ಸೆಂಟಿಮೀಟರ್ ದೂರದಲ್ಲಿ ಅವಳು ಕೋಲನ್ನು ಬರೀ 5 ಕೆ.ಜಿ.ಯಷ್ಟು ಊರಿದರೂ ಸ್ನಾಯುವಿನ ಕೆಲಸ 60ಕ್ಕೆ ಇಳಿಯುತ್ತದೆ, ಸಂದಿನ ಮೇಲಿನದು 105 ಆಗುತ್ತದೆ. 5 ಕೆ.ಜಿ. ಊರಿದರೆ 45 ಕೆ.ಜಿ. ಉಳಿತಾಯ. ಇಲ್ಲಿ ಉದ್ದನೆಯ ತುದಿ ನಮ್ಮ ಕೈಗೆ ಬಂತು, ಅಪ್ಪನ ಹಾರಿಯ ಹಾಗೆ. ಅಮೆರಿಕದ ಬ್ಲೌಂಟ್ ಎಂಬ ಎಲುಬಿನ ಡಾಕ್ಟರು 1956ರಲ್ಲಿ ಕೋಲು ಬಿಸಾಡಬೇಡಿ ಎಂದು ಇದನ್ನೇ ಬಿಡಿಸಿ ಬರೆದರು.

ನಾನು ಹೇಳಿದರೆ ಆಯಿ ಕೇಳುವುದಿಲ್ಲ, 'ರೂಢಿ ಆಗ್ಯದ' ಅನ್ನುತ್ತಾಳೆ. ನೀನು ಹೇಳಿದರೆ ಕೇಳುತ್ತಾಳೆ. ಹೋಗಿ ಕೋಲನ್ನು ಬಲಗೈಗೆ ಕೊಟ್ಟು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿಕೊಂಡು ಬಾ. ಎಡಗಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಬೇಕು, ನೆನಪಿಡು. ಆಮೇಲೆ ಮೂಲೆಯಲ್ಲಿ 20 ಕೆ.ಜಿ. ತೊಗರಿ ತುಂಬಿದ ಚೀಲ ಇಟ್ಟಿದ್ದೇನೆ. ನಿನ್ನ ಟೊಂಕ ಇವತ್ತು ಹೆಚ್ಚು ನೋಯುತ್ತಿದ್ದರೆ ಅದನ್ನು ಮುಟ್ಟಬೇಡ, ಕಾಲಿಗೆ ಜೋಮು ಇಳಿದಿದ್ದರೆ ಈಗಲೇ ಹೇಳು, ಬೆಳಿಗ್ಗೆ ಕಲಬುರಗಿಗೆ ಡಾಕ್ಟರ ಹತ್ತಿರ ಹೋಗೋಣ. ಇಲ್ಲದಿದ್ದರೆ ಕಾಲು ಅಗಲಿಸಿ ಕೂತು, ಎದೆಗೆ ಅವಚಿಕೊಂಡು ಎತ್ತು. ನಾನು ಪಕ್ಕದಲ್ಲಿ ನಿಂತು ನಿನ್ನ ಪಾದ ನೋಡುತ್ತೇನೆ.